ಹೆಣ ಬೀಳುವ ತನಕ ನಂಬುವುದಿಲ್ಲವೇ?



ಈ ಸಂಚಿಕೆಗೆ ಸಂಘಗಳ ಸಾಲ ಮರುಪಾವತಿಯ ಬಗ್ಗೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಅದನ್ನು ಬಿಟ್ಟು ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ ಬರೆಯುತ್ತಿದ್ದೇನೆ. ಅದೂ ಎಂಥ ಕಾದಂಬರಿ? ಕೈಗೆತ್ತಿಕೊಂಡರೆ ಒಲೆಯ ಮೇಲಿನ ಸಾರು ಸೀದರೂ ಗೊತ್ತಾಗದಂಥ ಕೊಲೆ ಕಾದಂಬರಿ. ಅಣ್ಣನ ಮಗಳು ರಜೆಗೆ ಬಂದಾಗ ಬಿಟ್ಟುಹೋಗಿದ್ದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದೆ. ಮರುಪಾವತಿಗೂ ಇದಕ್ಕೂ ಏನು ಸಂಬಂಧ ಎನ್ನುವುದು ಮುಂದೆ ತಿಳಿಯುತ್ತದೆ.

ನಮ್ಮಲ್ಲೇ ಕೆಲವರು ಮುಖ ಸಿಂಡರಿಸುತ್ತಾರೆಂದು ಬಲ್ಲೆ. ಹೆಣ್ಣುಮಕ್ಕಳು ಸೀಮೆಎಣ್ಣೆಯಲ್ಲಿ ಬೆಂದು ಸಾಯುವ ನಾಡಿನಲ್ಲಿ ಪತ್ತೇದಾರಿ ಕಾದಂಬರಿ ಓದಿಕೊಂಡು ಕೂರಲು ಪುರುಸೊತ್ತು ಯಾರಿಗಿದೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ. ನಮ್ಮ ಸಂಘದ ಹೆಂಗಸರು ಸಂಜೆ ಟೀವಿಯಲ್ಲಿ ನೋಡುವುದು ಇಂಥದೇ ಕತೆಗಳನ್ನು. ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವುದೂ ಇಂಥದನ್ನೇ. ಗಂಡ ಹೆಂಡತಿಯನ್ನು ಹೇಗೆ ಮೋಸ ಮಾಡುತ್ತಾನೆ, ಹೆಂಡತಿ ಹೇಗೆ ಸಾಯುತ್ತಾಳೆ ಎನ್ನುವುದನ್ನು ಅವರಿಗೆ ಹೇಳಿಕೊಡುತ್ತಿರುವುದು ನಮ್ಮ ಬೀದಿ ನಾಟಕಗಳಲ್ಲ, ಈ ಕತೆಗಳು. ಅವು ಏನು ಹೇಳಿಕೊಡುತ್ತವೆ, ಏನನ್ನು ಮುಚ್ಚಿಡುತ್ತವೆ ಎಂದು ನಾವು ಕೇಳದಿದ್ದರೆ ಇನ್ಯಾರು ಕೇಳಬೇಕು?

ಕಾದಂಬರಿಯ ಹೆಸರು 'ದಿ ಗರ್ಲ್ ಆನ್ ದ ಟ್ರೈನ್'. ರೈಲಿನಲ್ಲಿ ಕೂತ ಹುಡುಗಿ ಎನ್ನಬಹುದು. ಬರೆದವಳು ಪೌಲಾ ಹಾಕಿನ್ಸ್ ಎಂಬಾಕೆ. ಹುಟ್ಟಿದ್ದು ಆಫ್ರಿಕಾದ ಜಿಂಬಾಬ್ವೆಯಲ್ಲಿ, ನೆಲೆಸಿದ್ದು ಲಂಡನ್ನಿನಲ್ಲಿ, ಮೊದಲು ಪತ್ರಿಕೆಯಲ್ಲಿ ಕೆಲಸ. ಪುಸ್ತಕ ಬಂದದ್ದು 2015ರ ಜನವರಿಯಲ್ಲಿ. ಲೋಕದಲ್ಲೆಲ್ಲ ಸೇರಿ ಕೋಟಿಗಿಂತ ಹೆಚ್ಚು ಪ್ರತಿ ಮಾರಾಟವಾಯಿತು. 2016ರಲ್ಲಿ ಅಮೆರಿಕದವರು ಸಿನಿಮಾ ಮಾಡಿದರು. 2021ರಲ್ಲಿ ಹಿಂದಿಯಲ್ಲೂ ಬಂತು, ಪರಿಣೀತಿ ಚೋಪ್ರಾ ಮಾಡಿದ್ದು.

ಕತೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ. ಗುಟ್ಟು ಒಡೆದರೆ ಓದುವ ಮಜಾ ಹೋಗುತ್ತದೆಂದು ಅಣ್ಣನ ಮಗಳು ಬೈದಳು. ಗುಟ್ಟು ಒಡೆಯದೆ ಜಗಳ ಆಡಲು ನನಗೆ ಬರುವುದಿಲ್ಲ.

ರೇಚಲ್ ಎಂಬ ಹೆಂಗಸು ದಿನವೂ ಬೆಳಗಿನ 8.04ರ ರೈಲಿನಲ್ಲಿ ಲಂಡನ್ನಿಗೆ ಹೋಗುತ್ತಾಳೆ, ಸಂಜೆ ವಾಪಸು ಬರುತ್ತಾಳೆ. ಕೆಲಸಕ್ಕೆ ಹೋಗುವುದಲ್ಲ. ಕುಡಿತದಿಂದ ಕೆಲಸ ಹೋಗಿ ತಿಂಗಳುಗಳಾಗಿವೆ. ಮನೆಯಲ್ಲಿ ಒಂದು ಕೋಣೆ ಕೊಟ್ಟು ಇರಿಸಿಕೊಂಡಿರುವ ಗೆಳತಿಗೆ ಅದು ಗೊತ್ತಾಗಬಾರದೆಂದು ಈ ನಾಟಕ. ಮಕ್ಕಳಾಗಲಿಲ್ಲ, ಆಸ್ಪತ್ರೆಗೆ ಓಡಾಡಿದ್ದೂ ಫಲಿಸಲಿಲ್ಲ, ಆ ಸಂಕಟಕ್ಕೆ ಕುಡಿತ ಹಿಡಿಯಿತು. ಗಂಡ ಟಾಮ್ ಅವಳನ್ನು ಬಿಟ್ಟು ಆನಾ ಎಂಬುವಳನ್ನು ಮದುವೆಯಾದ. ರೇಚಲ್ ಬಾಳಿದ್ದ ಅದೇ ಮನೆಯಲ್ಲಿ ಈಗ ಆನಾ ಇದ್ದಾಳೆ, ತೊಡೆಯ ಮೇಲೆ ಕೂಸಿದೆ. ಆ ಮನೆ ರೈಲು ಹಳಿಯ ಪಕ್ಕದಲ್ಲೇ. ಸಿಗ್ನಲ್ಲಿಗೆ ರೈಲು ನಿಂತಾಗಲೆಲ್ಲ ಕಾಣುತ್ತದೆ. ನೋಡಲಾರದೆ ರೇಚಲ್ ಕೆಲವು ಮನೆ ಆಚೆಗಿನ ಇನ್ನೊಂದು ಜೋಡಿಯನ್ನು ನೋಡುತ್ತಾಳೆ. ಎಷ್ಟು ಚೆಂದದ ಸಂಸಾರ ಎಂದು ತನ್ನಷ್ಟಕ್ಕೆ ಕತೆ ಕಟ್ಟಿಕೊಳ್ಳುತ್ತಾಳೆ. ಒಂದು ದಿನ ಆ ಮನೆಯ ಹೆಂಗಸು, ಮೇಗನ್, ಕಾಣೆಯಾಗುತ್ತಾಳೆ. ಆ ರಾತ್ರಿ ರೇಚಲ್ ಅದೇ ಬೀದಿಯಲ್ಲಿದ್ದಳು, ಕುಡಿದಿದ್ದಳು. ಬೆಳಗ್ಗೆ ಎದ್ದರೆ ತಲೆಯಲ್ಲಿ ಗಾಯ, ಬಟ್ಟೆಯೆಲ್ಲ ಕೊಳಕು. ಏನಾಯಿತೆಂಬುದು ಮಾತ್ರ ನೆನಪಿಲ್ಲ.

ಮುಂದಿನದು ಓಟ. ಮೂವರು ಹೆಂಗಸರೂ ಸರದಿಯಲ್ಲಿ ಹೇಳುತ್ತಾರೆ. ರೇಚಲ್, ಸತ್ತ ಮೇಗನ್, ಸವತಿ ಆನಾ. ಅಧ್ಯಾಯಗಳೆಲ್ಲ ಪುಟ್ಟ ಪುಟ್ಟವು. ಬೆಳಗ್ಗೆ, ಸಂಜೆ ಎಂದು ತಾರೀಖು ಹಾಕಿದ ದಿನಚರಿಯ ಹಾಗೆ. ಒಂದೊಂದು ತುಂಡಿನ ಕೊನೆಯಲ್ಲೂ ಒಂದು ಅನುಮಾನದ ಮುಳ್ಳು. ಕೊನೆಗೆ ತಿಳಿಯುವುದೇನೆಂದರೆ ಮೇಗನ್‌ಳನ್ನು ಕೊಂದವನು ರೇಚಲ್‌ಳ ಮಾಜಿ ಗಂಡ ಟಾಮ್. ಅವನಿಗೂ ಮೇಗನ್‌ಗೂ ಸಂಬಂಧವಿತ್ತು, ಅವಳು ಬಸುರಿಯಾಗಿದ್ದಳು. ರೇಚಲ್‌ಳ ತಲೆಗೆ ಹೊಡೆದವನೂ ಅವನೇ.

ಇದು ಕೊಲೆಯ ಕತೆಯಾಯಿತು. ಆದರೆ ನನ್ನನ್ನು ಎರಡು ಗಂಟೆಯವರೆಗೆ ಕೂರಿಸಿದ್ದು ಕೊಲೆಯಲ್ಲ. ಅದರ ಒಳಗೆ ಇನ್ನೊಂದು ಕತೆ ಇದೆ.

ಸಂಸಾರ ಮಾಡುತ್ತಿದ್ದಾಗ ರೇಚಲ್ ಕುಡಿದು ಮಲಗಿ ಬೆಳಗ್ಗೆ ಎದ್ದರೆ ಗಂಡ ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದ: ನಿನ್ನೆ ರಾತ್ರಿ ನೀನು ಏನು ಮಾಡಿದೆ ಗೊತ್ತೇ? ಹೀಗೆ ಕಿರುಚಿದೆ, ಹೀಗೆ ಅವಮಾನ ಮಾಡಿದೆ. ಅವಳಿಗೆ ನೆನಪಿಲ್ಲ. ಆದ್ದರಿಂದ ಕ್ಷಮೆ ಕೇಳುತ್ತಾಳೆ. ದಿನವೂ ಕೇಳುತ್ತಾಳೆ. ತಾನು ಕೆಟ್ಟವಳು, ಅಪಾಯದವಳು ಎಂದು ನಂಬುತ್ತಾಳೆ. ಒಮ್ಮೆ ಗಾಲ್ಫ್ ಆಟದ ಕೋಲು ಹಿಡಿದು ನನ್ನ ಮೇಲೆ ಬಂದೆ ಎನ್ನುತ್ತಾನೆ ಗಂಡ. ಗೋಡೆಯ ಗಾರೆ ಕಿತ್ತು ಬಂದಿರುವುದು ಕಣ್ಣೆದುರಿಗೇ ಇದೆ. ಇನ್ನೇನು ಸಾಕ್ಷಿ ಬೇಕು? ಆದರೆ ಅವಳ ಮೈಯೊಳಗೆ ಬೇರೊಂದು ನೆನಪು ಕೂತಿದೆ. ಅದು ಸಿಟ್ಟಿನ ನೆನಪಲ್ಲ, ಭಯದ ನೆನಪು. ಕೋಲು ಬೀಸಿದವಳಿಗೆ ಸಿಟ್ಟು ನೆನಪಿರಬೇಕಲ್ಲ, ಭಯ ಯಾಕೆ ನೆನಪಿದೆ? ಆ ಒಂದು ಎಳೆ ಹಿಡಿದು ಎಳೆದಾಗ ಎಲ್ಲ ಬಿಚ್ಚಿಕೊಳ್ಳುತ್ತದೆ. ಕೋಲು ಬೀಸಿದವನು ಅವನು. ಮುದುಡಿ ಕೂತವಳು ಇವಳು. ಬೆಳಗ್ಗೆ ಕತೆಯನ್ನು ತಿರುಗಿಸಿ ಹೇಳಿದ್ದಾನೆ, ಅಷ್ಟೆ.

ಹೊಡೆಯುವ ಗಂಡನನ್ನು ನಾವೆಲ್ಲ ಬಲ್ಲೆವು. ಹೊಡೆದು, ಹೊಡೆಸಿಕೊಂಡವಳ ಬಾಯಿಂದಲೇ ತಪ್ಪಾಯಿತು ಎನ್ನಿಸುವ ಗಂಡನನ್ನೂ ಬಲ್ಲೆವು. ಆದರೆ ಅವಳ ನೆನಪಿಗೇ ಕೈ ಹಾಕುವವನನ್ನು ಹಿಡಿಯುವುದು ಕಷ್ಟ, ಯಾಕೆಂದರೆ ದೂರು ಕೊಡಬೇಕಾದವಳೇ ಅವನ ಕಡೆಯ ಸಾಕ್ಷಿಯಾಗಿಬಿಟ್ಟಿರುತ್ತಾಳೆ.

ಇದು ಹೊಸದಲ್ಲ. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ನಾಟಕಕಾರ 'ಗ್ಯಾಸ್ ಲೈಟ್' ಎಂಬ ನಾಟಕ ಬರೆದ. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ಅದರ ಸಿನಿಮಾದಲ್ಲಿ ಹೆಂಡತಿಯ ಪಾತ್ರ ಮಾಡಿ ಆಸ್ಕರ್ ಪಡೆದಳು. ಅದರಲ್ಲಿ ಗಂಡ ಮನೆಯ ಸಾಮಾನುಗಳನ್ನು ತಾನೇ ಬಚ್ಚಿಟ್ಟು ಹೆಂಡತಿ ಕಳೆದಳೆನ್ನುತ್ತಾನೆ. ರಾತ್ರಿ ಅಟ್ಟದ ಮೇಲೆ ಹೋಗಿ ಅಲ್ಲಿ ಗ್ಯಾಸಿನ ದೀಪ ಹಚ್ಚಿದಾಗ ಕೆಳಗೆ ಅವಳ ಕೋಣೆಯ ದೀಪ ಮಂಕಾಗುತ್ತದೆ. ದೀಪ ಮಂಕಾಯಿತಲ್ಲ ಎಂದರೆ ನಿನ್ನ ಭ್ರಮೆ ಎನ್ನುತ್ತಾನೆ. ಅಟ್ಟದಲ್ಲಿ ಅವನು ಹುಡುಕುತ್ತಿರುವುದೇನು? ಒಡವೆ! ಕೊಲೆಯಾದ ಹೆಂಗಸೊಬ್ಬಳ ಬೆಲೆಬಾಳುವ ಹರಳುಗಳು. ಈ ಬಗೆಯ ಹಿಂಸೆಗೆ ಇವತ್ತು ಇಂಗ್ಲಿಷಿನವರು ಕೊಡುವ ಹೆಸರು ಆ ನಾಟಕದ ಹೆಸರೇ, ಗ್ಯಾಸ್‌ಲೈಟಿಂಗ್. ಒಡವೆಯ ಮಾತನ್ನು ನೆನಪಿಟ್ಟುಕೊಳ್ಳಿ.

ರೇಚಲ್ ಪೊಲೀಸರ ಬಳಿ ಹೋಗುತ್ತಾಳೆ. ಮೇಗನ್ ಇನ್ನೊಬ್ಬ ಗಂಡಸಿನ ಜೊತೆ ಇದ್ದುದನ್ನು ರೈಲಿನಿಂದ ಕಂಡಿದ್ದೇನೆ ಎನ್ನುತ್ತಾಳೆ. ಅಲ್ಲಿ ಒಬ್ಬ ಹೆಂಗಸು ಅಧಿಕಾರಿಯೂ ಇದ್ದಾಳೆ. ಅವಳೂ ರೇಚಲ್‌ಳನ್ನು ನೋಡುವುದು ಕುಡುಕಿ, ಗಂಡ ಬಿಟ್ಟವಳು, ಊರ ಉಸಾಬರಿಯವಳು ಎಂದೇ. ಈ ಪುಟಗಳನ್ನು ಓದುವಾಗ ನನಗೆ ಕೆಂಡದಂಥ ಸಿಟ್ಟು ಬಂತು. ಕುಡಿದ ಗಂಡಸಿನ ಮಾತು ಕೋರ್ಟಿನಲ್ಲೂ ನಡೆಯುತ್ತದೆ, ಕುಡಿದ ಹೆಂಗಸಿನ ಮಾತು ಅಂಗಳದಲ್ಲೂ ನಡೆಯುವುದಿಲ್ಲ. ಸಾರಾಯಿ ಅಂಗಡಿಯ ಮುಂದೆ ಕೂತು ಧರಣಿ ಮಾಡಿದವರು ನಾವು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಸಿಹಿ ಹಂಚಿದವರು ನಾವು. ಆದರೂ ನಮ್ಮ ಸಂಘಗಳಲ್ಲೇ ಕುಡಿಯುವ ಹೆಂಗಸೊಬ್ಬಳು ಮೈಮೇಲಿನ ಬಾಸುಂಡೆ ತೋರಿಸಿದರೆ ಎಷ್ಟು ಜನ ನಂಬುತ್ತೇವೆ?

ಇನ್ನು ನಮ್ಮ ಸಂಘದ ಮಾತಿಗೆ ಬರುತ್ತೇನೆ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ನಮ್ಮ ಸದಸ್ಯೆಯೊಬ್ಬಳು ಕಂತು ತಪ್ಪಿಸತೊಡಗಿದಳು. ಎರಡು ವಾರ, ಮೂರು ವಾರ. ಕೇಳಿದರೆ ಟ್ರಂಕಿನಲ್ಲಿ ಇಟ್ಟಿದ್ದೆ, ಎಲ್ಲಿ ಹೋಯಿತೋ ತಿಳಿಯದು ಎನ್ನುತ್ತಿದ್ದಳು. ಆಮೇಲೆ ತವರಿನಲ್ಲಿ ಕೊಟ್ಟಿದ್ದ ಓಲೆ ಕಾಣೆಯಾಯಿತು. ಕಳೆದುಹಾಕಿದ್ದಕ್ಕೆ ಗಂಡ ಕೆನ್ನೆಗೆ ಬಾರಿಸಿದ. ಅತ್ತೆ ದೇವರ ಹತ್ತಿರ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು. ಗಂಡ ಪೇಟೆಯ ಡಾಕ್ಟರ ಬಳಿ ಕರೆದೊಯ್ದು 'ಇವಳಿಗೆ ಮರೆವು' ಎಂದು ಹೇಳಿ ಮಾತ್ರೆ ಬರೆಸಿದ. ಕಳೆದದ್ದು ನೀನು, ತುಂಬಿಕೊಡುವುದು ನಿನ್ನಪ್ಪ ಎಂದು ಎರಡು ಸಲ ತವರಿಗೆ ಕಳಿಸಿದ. ಆ ಅಪ್ಪ ರಾಗಿ ಮಾರಿ ದುಡ್ಡು ಕೊಟ್ಟ. ಇದು ವರದಕ್ಷಿಣೆಯೆಂದು ಯಾರಿಗೂ ಅನ್ನಿಸಲಿಲ್ಲ. ಮಗಳು ಕಳೆದದ್ದನ್ನು ಅಪ್ಪ ತುಂಬಿಕೊಟ್ಟ, ನ್ಯಾಯವೇ ಆಯಿತಲ್ಲ!

ಆಗ ಸಂಘದ ಪ್ರತಿನಿಧಿ ನಾನು. ಸಭೆಯಲ್ಲಿ ಅವಳೇ ತಲೆ ತಗ್ಗಿಸಿಕೊಂಡು, "ನಂಗೆ ತಲೆ ನೆಟ್ಟಗಿಲ್ಲ ಕಣಕ್ಕ" ಅಂದಳು. ನಾವೇನು ಮಾಡಿದೆವು? ನಡಾವಳಿ ಪುಸ್ತಕದಲ್ಲಿ ಬರೆದೆವು: ಸದರಿ ಸದಸ್ಯೆಗೆ ಮರೆವಿನ ತೊಂದರೆ ಇರುವುದರಿಂದ ಇನ್ನು ಮುಂದೆ ಕಂತಿನ ಹಣವನ್ನು ಅವರ ಯಜಮಾನರ ಮೂಲಕ ಪಡೆಯುವುದು, ಹೊಸ ಸಾಲವನ್ನು ಸದ್ಯಕ್ಕೆ ಕೊಡದಿರುವುದು. ಕೆಳಗೆ ನನ್ನ ಸಹಿ. ಮಾರ್ಚ್ 8ಕ್ಕೆ ಮೆರವಣಿಗೆಯಲ್ಲಿ ಮುಂದೆ ನಿಂತು ಘೋಷಣೆ ಕೂಗುವ ನನ್ನದೇ ಸಹಿ. ಕಾದಂಬರಿಯ ಆ ಪೊಲೀಸಮ್ಮನ ಮೇಲೆ ಸಿಟ್ಟಾದೆನಲ್ಲ, ಅವಳ ಕುರ್ಚಿಯಲ್ಲಿ ಜಮಖಾನೆ ಹಾಸಿಕೊಂಡು ನಾವೂ ಕೂತಿದ್ದೆವು.

ಕತೆಯನ್ನು ನಾನು ಎರಡು ವಾರದ ಸಭೆಯಲ್ಲಿ ಹೇಳಿದೆ. ಲೆಕ್ಕ ಮುಗಿದ ಮೇಲೆ, ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ. ರೇಚಲ್ ಎಂಬ ಹೆಸರು ಯಾರ ಬಾಯಿಗೂ ಸರಿಯಾಗಿ ಬರಲಿಲ್ಲ, 'ರೈಲು ಹೆಂಗಸು' ಎಂದೇ ಆಯಿತು. ಎರಡನೆಯ ವಾರ ಕೋಲಿನ ಪ್ರಸಂಗ ಹೇಳಿದ ಮೇಲೆ ಎಲ್ಲರೂ ಎದ್ದುಹೋದರು, ಅವಳು ಮಾತ್ರ ಕೂತೇ ಇದ್ದಳು.

"ಅಕ್ಕ, ಕೋಲು ಬೀಸಿದ್ದು ಗಂಡ ಅಂತ ಅವ್ಳಿಗೆ ಹೆಂಗ್ ಗೊತ್ತಾಯ್ತು?"

"ಅವತ್ತು ಹೆದರಿಕೊಂಡಿದ್ದು ನೆನಪಾಯ್ತಂತೆ ಕಣಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದು ಸೆರಗಿನ ಗಂಟು ಬಿಚ್ಚಿದಳು. ಮಡಿಸಿ ಮಡಿಸಿ ಹರಿದುಹೋಗುವಂತಾಗಿದ್ದ ಒಂದು ಗಿರವಿ ಚೀಟಿ. ಗಂಡನ ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ್ದಂತೆ. ಅದರಲ್ಲಿ ಅವನ ಹೆಸರು, ಓಲೆ ಒಂದು ಜೊತೆ, ತೂಕ, ತಾರೀಖು. ಓಲೆ ಕಳೆದಳೆಂದು ಅವನು ಹೊಡೆದದ್ದಕ್ಕೆ ಎರಡು ದಿನ ಮುಂಚಿನ ತಾರೀಖು. ಎಷ್ಟು ದಿನದಿಂದ ಇಟ್ಟುಕೊಂಡಿದ್ದೀ ಎಂದೆ. ದೀಪಾವಳಿಯಿಂದ ಎಂದಳು. ಆಗ ಯುಗಾದಿ ಹತ್ತಿರ ಬಂದಿತ್ತು. ಯಾಕಮ್ಮ ಹೇಳಲಿಲ್ಲ ಎಂದರೆ, "ನಾನೇ ಇಟ್ಬುಟ್ಟು ಬಾ ಅಂತ ಕೊಟ್ಟು ಮರ್ತಿದ್ದೀನೇನೋ ಅಂದ್ಕಂಡೆ ಕಣಕ್ಕ" ಅಂದಳು.

ಸಾಕ್ಷಿ ಕೈಯಲ್ಲಿದ್ದರೂ ಅವಳು ನಂಬಿದ್ದು ಗಂಡನ ಮಾತನ್ನು. ಒಂದು ಕೊಲೆ ಕಾದಂಬರಿ ಆ ಗಂಟನ್ನು ಬಿಚ್ಚಿಸಿತು. ಆದ್ದರಿಂದ ಈ ಪುಸ್ತಕ ಹಾಳು ಪುಸ್ತಕ ಎನ್ನುವವರ ಜೊತೆ ನಾನು ನಿಲ್ಲಲಾರೆ. ಹಿಂಸೆ ಎಂದರೇನು ಎಂದು ನಾವು ಎಷ್ಟೋ ತರಬೇತಿಗಳಲ್ಲಿ ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದೇವೆ. ಆ ಚಾರ್ಟುಗಳಲ್ಲಿ ಮಾನಸಿಕ ಹಿಂಸೆ ಎಂದು ಎರಡು ಪದ ಇರುತ್ತದೆ. ತನ್ನ ತಲೆಯನ್ನು ತಾನೇ ನಂಬದವಳ ಒಳಗೆ ಕೂತು ನೋಡುವುದು ಹೇಗಿರುತ್ತದೆ ಎಂಬುದನ್ನು ಚಾರ್ಟು ತೋರಿಸಲಾರದು. ಓದುವವಳಿಗೂ ಯಾರನ್ನು ನಂಬಬೇಕೆಂದು ತಿಳಿಯದ ಹಾಗೆ ಮಾಡಿ ಹಾಕಿನ್ಸ್ ಅದನ್ನು ಮಾಡಿ ತೋರಿಸಿದ್ದಾಳೆ. ರೇಚಲ್‌ಳ ಮೇಲೆ ನನಗೂ ಅನುಮಾನ ಬಂದಿತ್ತು. ಇವಳೇ ಕೊಂದಿರಬೇಕು ಎಂದುಕೊಂಡಿದ್ದೆ. ಆ ಅನುಮಾನವನ್ನು ನನ್ನಲ್ಲಿ ಹುಟ್ಟಿಸಿ, ಆಮೇಲೆ ನನ್ನ ಮುಖಕ್ಕೇ ಹಿಡಿದದ್ದು ಈ ಪುಸ್ತಕದ ದೊಡ್ಡ ಶಕ್ತಿ.

ಹಿಂದಿ ಸಿನಿಮಾದವರು ಈ ಶಕ್ತಿಯನ್ನೇ ಕಳೆದರು ಎಂಬುದನ್ನೂ ಹೇಳಬೇಕು. ಅದರಲ್ಲಿ ನಾಯಕಿಯ ಮರೆವಿಗೆ ಒಂದು ಕಾರು ಅಪಘಾತ ತಂದಿಟ್ಟರು. ತಲೆಗೆ ಪೆಟ್ಟು ಬಿದ್ದು ಬಂದ ಕಾಯಿಲೆ ಎಂದಾಯಿತು. ಕಾಯಿಲೆ ಇದ್ದವಳ ಗಂಡನಿಗೆ ಅರ್ಧ ತಪ್ಪು ಮಾಫಿ!

ಆದರೆ ನನ್ನ ಜಗಳ ಪುಸ್ತಕದ ಜೊತೆಗೂ ಇದೆ, ಅದು ಸಣ್ಣದಲ್ಲ.

ಮೇಗನ್‌ಳ ಹೆಣ ಸಿಗದಿದ್ದರೆ ರೇಚಲ್‌ಳ ಗತಿ ಏನು? ಯೋಚನೆ ಮಾಡಿ. ಟಾಮ್ ಯಾರನ್ನೂ ಕೊಲ್ಲದೆ, ಸುಮ್ಮನೆ ತನ್ನ ಹೆಂಡತಿಗೆ ಹುಚ್ಚು ಹಿಡಿಸಿ, ಬಿಟ್ಟು, ಇನ್ನೊಬ್ಬಳನ್ನು ಕಟ್ಟಿಕೊಂಡು ಹಾಯಾಗಿದ್ದಿದ್ದರೆ ಈ ಕಾದಂಬರಿಯೇ ಇಲ್ಲ. ರೇಚಲ್ ಇನ್ನೂ ರೈಲಿನಲ್ಲಿ ಕೂತು ಕ್ಷಮೆ ಕೇಳುತ್ತಲೇ ಇರುತ್ತಿದ್ದಳು. ಅವಳಿಗಾದ ಅನ್ಯಾಯ ಅನ್ಯಾಯವೆಂದು ಒಪ್ಪಿತವಾಗಲು ಇನ್ನೊಬ್ಬ ಹೆಂಗಸು ಸತ್ತು ಮಣ್ಣಲ್ಲಿ ಹೂತು ಹೋಗಬೇಕಾಯಿತು. ಥ್ರಿಲ್ಲರ್ ಎಂಬ ಪ್ರಕಾರದ ನಿಯಮವೇ ಇದು. ಹೆಣ ಬೀಳದೆ ಕತೆ ಶುರುವಾಗುವುದಿಲ್ಲ.

ಈ ನಿಯಮ ಕಾದಂಬರಿಯದು ಮಾತ್ರವೇ? ನಮ್ಮ ಪತ್ರಿಕೆಗಳದ್ದೂ ಇದೇ, ಠಾಣೆಗಳದ್ದೂ ಇದೇ. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ವಿಮೋಚನಾದ ಗೆಳತಿಯರು ಸುಟ್ಟ ಗಾಯದ ವಾರ್ಡುಗಳಿಗೆ ಹೋಗಿ, ಸ್ಟೌ ಸಿಡಿದು ಸಾವು ಎಂದು ಬರೆದುಕೊಂಡಿದ್ದ ಪ್ರಕರಣಗಳ ಹಿಂದೆ ಬಿದ್ದರು. ಸ್ಟೌ ಸಿಡಿದರೆ ಸೊಸೆಯೇ ಯಾಕೆ ಸುಡುತ್ತಾಳೆ, ಅತ್ತೆ ಯಾಕೆ ಸುಡುವುದಿಲ್ಲ ಎಂದು ನಾವೆಲ್ಲ ಕೇಳಿದೆವು. ಕೇಳಬೇಕಾದದ್ದೇ. ಆದರೆ ಸ್ಟೌ ಹತ್ತಿಕೊಳ್ಳುವುದಕ್ಕೆ ಮುಂಚಿನ ಮೂರು ವರ್ಷ, ಐದು ವರ್ಷ ಆ ಹುಡುಗಿ ಏನು ಹೇಳುತ್ತಿದ್ದಳು, ಯಾರಿಗೆ ಹೇಳುತ್ತಿದ್ದಳು, ಯಾರು ನಂಬಲಿಲ್ಲ ಎಂಬುದು ಸತ್ತ ಮೇಲೆಯೇ ಹೊರಬರುತ್ತಿತ್ತು. 1986ರಲ್ಲಿ ವರದಕ್ಷಿಣೆ ಸಾವಿನ ಕಲಂ ಬಂತು. ಮದುವೆಯಾದ ಏಳು ವರ್ಷದೊಳಗೆ ಅಸಹಜ ಸಾವಾಗಿ, ಸಾಯುವುದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿದ್ದರೆ ಗಂಡನ ಮನೆಯವರೇ ಕಾರಣವೆಂದು ಭಾವಿಸುವ ಕಲಂ. ಒಳ್ಳೆಯದೇ. ಅದಕ್ಕೂ ಹೆಣ ಬೇಕು.

ಕತೆಯ ವೇಗದ ಬಗ್ಗೆ ಎಲ್ಲರೂ ಹೊಗಳುತ್ತಾರೆ. ನನಗೆ ಆ ವೇಗವೇ ಅನುಮಾನ. ಕೊಂದವರು ಯಾರು, ಯಾರು, ಯಾರು ಎಂದು ಓಡಿಸುತ್ತಾಳೆ. ಮೇಗನ್‌ಳ ಗಂಡ ಸ್ಕಾಟ್‌ನನ್ನು ನೋಡಿ. ಹೆಂಡತಿಯ ಮೇಲೆ ಕಣ್ಣಿಡುವವನು, ಕೈ ಮಾಡುವವನು, ಒಂದು ಕಡೆ ರೇಚಲ್‌ಳನ್ನು ಕೋಣೆಯಲ್ಲಿ ಕೂಡಿಹಾಕುವವನು. ಆದರೆ ಅವನು ಕೊಲೆಗಾರನಲ್ಲವೆಂದು ತಿಳಿದ ಕೂಡಲೇ ಕತೆ ಅವನನ್ನು ಬಿಟ್ಟು ಮುಂದೆ ಓಡುತ್ತದೆ. ಕೊಂದಿಲ್ಲ, ಹಾಗಾದರೆ ಪರವಾಗಿಲ್ಲ! ಕೊಂದ ಟಾಮ್ ಏನಾಗುತ್ತಾನೆ? ತಂದೆತಾಯಿಯ ಬಗ್ಗೆಯೂ ಸುಳ್ಳು ಹೇಳಿದವನು, ಬದುಕಿಡೀ ಸುಳ್ಳೇ ಆದವನು, ಒಬ್ಬ ರಾಕ್ಷಸ. ರಾಕ್ಷಸ ಸತ್ತರೆ ಊರು ಶುದ್ಧ. ನಮ್ಮ ಸಂಘದ ಆ ಸದಸ್ಯೆಯ ಗಂಡ ರಾಕ್ಷಸನಲ್ಲ, ಗೆಳತಿಯರೇ. ಡೇರಿಗೆ ಹಾಲು ಹಾಕುತ್ತಾನೆ, ಗಣಪತಿ ಚಂದಾಕ್ಕೆ ಮುಂದೆ ಓಡಾಡುತ್ತಾನೆ, ನನ್ನನ್ನು ಕಂಡರೆ 'ಅಕ್ಕಾರೆ' ಎನ್ನುತ್ತಾನೆ. ಅದಕ್ಕೇ ನಾವು ಅವನ ಕೈಗೆ ಕಂತಿನ ಪುಸ್ತಕ ಕೊಟ್ಟದ್ದು.

ಆ ಮೂವರು ಹೆಂಗಸರು ಒಬ್ಬರಿಗೊಬ್ಬರು ಏನು? ಆನಾಗೆ ರೇಚಲ್ ಒಂದು ಪೀಡೆ. ರೇಚಲ್‌ಗೆ ಆನಾ ಕಳ್ಳಿ. ಮೇಗನ್‌ಳನ್ನು ಇಬ್ಬರೂ ಸರಿಯಾಗಿ ತಿಳಿದವರಲ್ಲ. ಟಾಮ್‌ನ ಎಲ್ಲ ಬಲವೂ ಈ ದೂರದಲ್ಲಿದೆ. ಅವಳು ಹುಚ್ಚಿ ಎಂದು ಇವಳಿಗೆ ಹೇಳಿದರೆ ಸಾಕು. ಆನಾಗೆ ಗಂಡ ಬಚ್ಚಿಟ್ಟ ಫೋನು ಸಿಕ್ಕಾಗ ಒಂದು ಗಳಿಗೆ ಎಲ್ಲ ತಿಳಿಯುತ್ತದೆ, ಆದರೂ ಬಾಯಿ ಬಿಡುವುದಿಲ್ಲ, ಮನೆ ಉಳಿಸಿಕೊಳ್ಳಲು ನೋಡುತ್ತಾಳೆ. ಇದನ್ನು ಲೇಖಕಿ ಚೆನ್ನಾಗಿಯೇ ತೋರಿಸಿದ್ದಾಳೆ. ಆದರೆ ಇಷ್ಟು ದೊಡ್ಡ ಪುಸ್ತಕದಲ್ಲಿ ಹೆಂಗಸರು ಸೇರಿ ಕೂರುವ ಒಂದು ಜಾಗ, ಒಂದು ಜಮಖಾನೆ ಇಲ್ಲವಲ್ಲ! ಹಿಂಸೆಗೊಳಗಾದವರಿಗೆ ಆಸರೆ ಮನೆಗಳನ್ನು 1970ರ ದಶಕದಲ್ಲೇ ಕಟ್ಟಿಕೊಂಡ ದೇಶ ಅದು. ಅವರಿಬ್ಬರು ಮೊದಲ ಸಲ ಕೈ ಸೇರಿಸುವುದು ಅವನನ್ನು ಕೊಲ್ಲುವಾಗ. ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು ಇರುತ್ತದೆ, ಅದನ್ನು ರೇಚಲ್ ಅವನ ಕತ್ತಿಗೆ ಚುಚ್ಚುತ್ತಾಳೆ. ಆನಾ ಬಂದು ಅದನ್ನು ಇನ್ನಷ್ಟು ತಿರುಗಿಸುತ್ತಾಳೆ. ಆತ್ಮರಕ್ಷಣೆ ಎಂದು ಇಬ್ಬರೂ ಪೊಲೀಸರಿಗೆ ಒಂದೇ ಮಾತು ಹೇಳುತ್ತಾರೆ. ಮುಗಿಯಿತು.

ಇಲ್ಲಿಗೆ ಬಂದಾಗ ನಮ್ಮ ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನು ಸುಳ್ಳು ಹೇಳುವುದಿಲ್ಲ, ನನಗೂ ಓದುವಾಗ ಹಾಯೆನಿಸಿತ್ತು. ವಯಸ್ಸಾದ ಒಬ್ಬಾಕೆ ಮಾತ್ರ, "ಆಮೇಲೆ ಜೈಲು?" ಅಂದರು.

ಅದೇ ಇಂಗ್ಲೆಂಡಿನ ನಿಜ ಕತೆ ಕೇಳಿ. ಕಿರಣ್‌ಜೀತ್ ಅಹ್ಲುವಾಲಿಯಾ ಎಂಬ ಪಂಜಾಬಿನ ಹೆಣ್ಣುಮಗಳು ಮದುವೆಯಾಗಿ ಅಲ್ಲಿಗೆ ಹೋದಳು. ಹತ್ತು ವರ್ಷ ಗಂಡನಿಂದ ಹೊಡೆಸಿಕೊಂಡಳು, ಸುಡಿಸಿಕೊಂಡಳು. 1989ರಲ್ಲಿ ಒಂದು ರಾತ್ರಿ ಮಲಗಿದ್ದವನಿಗೆ ಬೆಂಕಿ ಹಚ್ಚಿದಳು. ಅವನು ಕೆಲವು ದಿನಗಳಲ್ಲಿ ಸತ್ತ. ಅವಳಿಗೆ ಕೊಲೆ ಅಪರಾಧದ ಮೇಲೆ ಜೀವಾವಧಿ ಶಿಕ್ಷೆ. ಹತ್ತು ವರ್ಷದ ಹಿಂಸೆಯ ತೂಕ ನ್ಯಾಯಾಲಯದ ತಕ್ಕಡಿಯಲ್ಲಿ ಆಗ ಬೀಳಲಿಲ್ಲ. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಅವಳಿಗಾಗಿ ಬೀದಿಗಿಳಿಯಿತು, ವಕೀಲರನ್ನು ಹಿಡಿಯಿತು, ವೈದ್ಯರ ವರದಿ ತರಿಸಿತು. 1992ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿತ್ತು, ಕೊನೆಗೆ ಕಡಿಮೆ ಅಪರಾಧವೆಂದಾಗಿ, ಆಗಲೇ ಕಳೆದಿದ್ದ ಜೈಲುವಾಸವೇ ಶಿಕ್ಷೆಯೆಂದು ಅವಳು ಹೊರಬಂದಳು. ಅದರ ಮೇಲೆ 2006ರ ಐಶ್ವರ್ಯಾ ರೈ ಸಿನಿಮಾ ಇದೆ. ಬಿಡಿಸಿದ್ದು ಬಿರಡೆ ತಿರುಪಲ್ಲ, ಹೆಂಗಸರ ಸಂಘ. ಹಾಕಿನ್ಸ್ ಕತೆಯಲ್ಲಿ ಪೊಲೀಸರು ಒಂದೇ ಅಧ್ಯಾಯದಲ್ಲಿ ಒಪ್ಪಿಬಿಡುತ್ತಾರೆ. ಪುಸ್ತಕದ ಉದ್ದಕ್ಕೂ ಆ ಹೆಂಗಸನ್ನು ನಂಬದಿದ್ದವರು ಗಂಡನ ಹೆಣ ಬಿದ್ದ ಮೇಲೆ ಹೇಗೆ ನಂಬಿದರು ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಪುಟ ಮುಗಿಯಬೇಕು.

ಇದರ ಜೊತೆಗೇ ಹೆಸರು ಮಾಡಿದ ಇನ್ನೊಂದು ಕಾದಂಬರಿ ಇದೆ, 2012ರ 'ಗಾನ್ ಗರ್ಲ್', ಗಿಲಿಯನ್ ಫ್ಲಿನ್ ಬರೆದದ್ದು. ಅದರಲ್ಲಿ ಹೆಂಡತಿಯೇ ಸುಳ್ಳು ದಿನಚರಿ ಬರೆದಿಟ್ಟು, ಮಾಯವಾಗಿ, ಗಂಡನ ಮೇಲೆ ಕೊಲೆ ಆರೋಪ ಬರುವ ಹಾಗೆ ಮಾಡುತ್ತಾಳೆ. ಕೆಟ್ಟ ಹೆಂಗಸಿನ ಬಗ್ಗೆ ಬರೆಯಬಾರದೆಂದು ನಾನು ಹೇಳುವವಳಲ್ಲ. ನಮ್ಮಲ್ಲೂ ಇದ್ದಾರೆ, ಅತ್ತೆಯರಾಗಿ ಇದ್ದಾರೆ. ಆದರೆ ಇಂಥ ಒಂದು ಕಟ್ಟುಕತೆಯನ್ನು ಓದಿ, ನೋಡಿ, ಹೆಂಗಸರು ಕೊಡುವ ಕೇಸೆಲ್ಲ ಹೀಗೇ ಎಂದು ವಾದಿಸುವ ವಿದ್ಯಾವಂತರನ್ನು ಕಂಡಿದ್ದೇನೆ. ಕಲಂ 498ಎ ದುರುಪಯೋಗ ಎಂಬ ಕೂಗು ಹೊಸದಲ್ಲ. ಗಂಡನನ್ನು ತಕ್ಷಣ ಬಂಧಿಸಬಾರದೆಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ಕಟ್ಟುಪಾಡು ಹಾಕಿತು. ಸುಳ್ಳು ಹೇಳುವ ಒಬ್ಬಳ ಕತೆ ಲೋಕಕ್ಕೆಲ್ಲ ಗೊತ್ತು. ತಾನೇ ಸುಳ್ಳಿ ಎಂದು ನಂಬಿಕೊಂಡು ಬಾಯಿ ಮುಚ್ಚಿದವಳ ಲೆಕ್ಕ ಯಾವ ಠಾಣೆಯ ಪುಸ್ತಕದಲ್ಲಿದೆ?

ಕಾನೂನಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಹಾಕಿನ್ಸ್ ಪುಸ್ತಕ ಬಂದ ವರ್ಷವೇ, 2015ರ ಡಿಸೆಂಬರ್ 29ರಿಂದ, ಇಂಗ್ಲೆಂಡಿನಲ್ಲಿ ಹೊಸ ಅಪರಾಧವೊಂದು ಜಾರಿಗೆ ಬಂತು. ಮನೆಯೊಳಗೆ ಒಬ್ಬರನ್ನು ಮತ್ತೆ ಮತ್ತೆ ಹತೋಟಿಯಲ್ಲಿಟ್ಟು, ಹೆದರಿಸಿ, ಬದುಕನ್ನು ಬಿಗಿಹಿಡಿಯುವುದೇ ಅಪರಾಧ. ಐದು ವರ್ಷದವರೆಗೆ ಜೈಲು. ಹೆಣ ಬೇಕಿಲ್ಲ, ಬಾಸುಂಡೆ ಬೇಕಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತು ವರ್ಷ ಮುಂಚೆಯೇ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬಂದಿದೆ, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ಮೂರನೆಯ ಕಲಂ ಓದಿ. ಹೊಡೆತದ ಜೊತೆಗೆ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯನ್ನೂ ಹಿಂಸೆ ಎಂದಿದೆ. ಮಕ್ಕಳಾಗಲಿಲ್ಲ, ಗಂಡುಮಗು ಆಗಲಿಲ್ಲ ಎಂದು ಹಂಗಿಸುವುದನ್ನು ಹೆಸರಿಟ್ಟೇ ಹೇಳಿದೆ. ಸ್ತ್ರೀಧನವನ್ನು ಕಸಿಯುವುದೂ ಅದರಲ್ಲಿದೆ. 498ಎ ಕೂಡ ಮನಸ್ಸಿನ ಆರೋಗ್ಯಕ್ಕೆ ಆಗುವ ಹಾನಿಯನ್ನು ಕ್ರೌರ್ಯವೆಂದೇ ಕರೆಯುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಂ ಆಗಿದೆ, ವರದಕ್ಷಿಣೆ ಸಾವು 80ನೆಯದು. ಠಾಣೆಯಲ್ಲಿ 498ಎ ಈಗ ಇಲ್ಲಮ್ಮ ಎಂದು ವಾಪಸು ಕಳಿಸಿದರೆ ಎದ್ದು ಬರಬೇಡಿ. ಸಂಖ್ಯೆ ಹೋಗಿದೆ, ಕಾನೂನು ಹೋಗಿಲ್ಲ.

ಆದರೆ ಈ ಕಾಯ್ದೆಯನ್ನು ಹಿಡಿದುಕೊಂಡು ಹೋದಾಗ ನಡೆಯುವುದೇ ಬೇರೆ. ರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ಸಿಡಿಪಿಒ. ತಾಲ್ಲೂಕಿನ ಅಂಗನವಾಡಿಗಳೆಲ್ಲ ಅವರ ತಲೆಯ ಮೇಲೆ. ಅವರ ಕಚೇರಿಯಲ್ಲಿ ಕೂತ ಗುಮಾಸ್ತರೊಬ್ಬರು ಗಿರವಿ ಚೀಟಿ ನೋಡಿ, ಇದರಲ್ಲಿ ಹಿಂಸೆ ಎಲ್ಲಿದೆ, ಹೊಡೆದ ಗುರುತಿದ್ದರೆ ತನ್ನಿ ಅಂದರು. ನಾನೂ ಇನ್ನಿಬ್ಬರೂ ಜೊತೆಗಿದ್ದೆವು. ಮೂರನೆಯ ಕಲಂ ಓದಿ ಹೇಳಬೇಕಾಯಿತು. ಒಬ್ಬಳೇ ಹೋಗಿದ್ದರೆ, ನನ್ನದೇ ತಪ್ಪಿರಬೇಕು ಎಂದು ಅವಳು ಅಲ್ಲಿಂದಲೂ ವಾಪಸು ಬರುತ್ತಿದ್ದಳು.

ನಮ್ಮ ನಡಾವಳಿ ಪುಸ್ತಕದ ಆ ಠರಾವನ್ನು ಹೊಡೆದುಹಾಕಿದೆವು. ಪುಟ ಹರಿಯಬಾರದೆಂದು ಅವಳೇ ಹೇಳಿದಳು, ಅದಕ್ಕೇ ಬರೀ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿ ನಾನೇ ಸಹಿ ಮಾಡಿದೆ. ಆ ದಿನ ಒಂದು ಜಗಳವೂ ಆಯಿತು. ಓಲೆ ಬಿಡಿಸಿಕೊಳ್ಳಲು ಅವಳಿಗೆ ಸಂಘದಿಂದ ಸಾಲ ಕೊಡೋಣ ಎಂದರು ಕೆಲವರು. ಗಂಡ ಕದ್ದು ಇಟ್ಟ ಗಿರವಿಗೆ ಅವಳು ಯಾಕೆ ಬಡ್ಡಿ ಕಟ್ಟಬೇಕು ಎಂದರು ಇನ್ನು ಕೆಲವರು. ಸ್ತ್ರೀಧನ ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಈ ಕಾಯ್ದೆಯಲ್ಲೇ ಇದೆಯಲ್ಲ, ಅದನ್ನೇ ಕೇಳೋಣ ಎಂದೆ ನಾನು. ಅಷ್ಟರಲ್ಲಿ ಹರಾಜಾಗಿಬಿಟ್ಟರೆ ಎಂದು ಅವರು. ಆ ಜಗಳ ಇನ್ನೂ ತೀರಿಲ್ಲ. ಸದ್ಯಕ್ಕೆ ಅರ್ಜಿ ಹಾಕಿದ್ದೇವೆ.

ಅರ್ಜಿ ಬರೆಯಲು ಕೂತಾಗ ಒಡವೆಯ ವಿವರ ಕೇಳುವ ಜಾಗ ಬಂತು. ಚೀಟಿ ಹುಡುಕಲು ನಾನು ಚೀಲ ತಡಕುತ್ತಿದ್ದೆ. ಅಷ್ಟರಲ್ಲಿ ಅವಳೇ, "ಆರು ಗ್ರಾಂ, ಕೆಂಪು ಹರಳು, ಎಡಗಡೇದ್ರಲ್ಲಿ ಒಂದು ಹರಳು ಬಿದ್ದೋಗಿತ್ತು" ಅಂದಳು. ಚೀಟಿ ಸಿಕ್ಕಿತು. ಆರು ಗ್ರಾಂ ಎಂದಿತ್ತು, ಹರಳು ಒಂದು ಇಲ್ಲ ಎಂದೂ ಬರೆದಿತ್ತು.